ಕೀಲೆಣ್ಣೆಯ ಕಥೆ

ಕನ್ನಡ ಪಾಠ ಹೇಳುವವನಿಗೆ ಯಂತ್ರದ ಎಣ್ಣೆಯ ಗೊಡವೆ ಏಕೆ ಎಂದು ವಾಚಕರು ಕೇಳಿದರೆ, ನಾನು ನನ್ನ ತಮ್ಮನ ಕಡೆಗೆ ಬೆರಳು ತೋರಿಸಬೇಕಾಗುತ್ತದೆ. ಶಿರಸಿ ತಾಲೂಕಿನ ಹೆಗಡೆಕಟ್ಟಾದಲ್ಲಿ ತೋಟ ನೋಡಿಕೊಂಡಿರುವ ಅವನು ಕಳೆದ ಬೇಸಿಗೆಯಲ್ಲಿ ಒಂದು ಸಂಜೆ ಫೋನು ಮಾಡಿದನು. ಪಂಪಿನ ಎಂಜಿನ್ನಿಗೆ ಎಣ್ಣೆ ಬದಲಿಸಬೇಕಾಗಿತ್ತಂತೆ. ಶಿರಸಿಯ ಅಂಗಡಿಯಲ್ಲಿ ಎರಡು ಡಬ್ಬಿ ತೋರಿಸಿದರಂತೆ. ಒಂದರ ಬೆಲೆ ಇನ್ನೊಂದರ ಹೆಚ್ಚುಕಡಮೆ ಎರಡರಷ್ಟು.

“ಅಣ್ಣಯ್ಯಾ, ನೀನು ಎಂ.ಎ. ಓದಿದವ. ಎರಡೂ ಎಣ್ಣೆಯೇ ಅಲ್ದ? ದುಡ್ಡು ಹೆಚ್ಚು ಕೊಟ್ಟರೆ ಎಂತ ಸಿಗ್ತು?” ಎಂದು ಕೇಳಿದನು.

ಎಂ.ಎ. ಪರೀಕ್ಷೆಯಲ್ಲಿ ಈ ಪ್ರಶ್ನೆ ಬಂದಿರಲಿಲ್ಲ. ಬೇರೆ ಯಾರಾದರೂ ಕೇಳಿದ್ದರೆ ‘ಗೊತ್ತಿಲ್ಲ’ ಎಂದು ಕೈ ತೊಳೆದುಕೊಳ್ಳುತ್ತಿದ್ದೆ. ಆದರೆ ನಮ್ಮ ಮನೆಯಲ್ಲಿ ಈ ಪ್ರಶ್ನೆಗೆ ಒಂದು ಹಳೆಯ ಗಾಯದ ನೆನಪಿದೆ. ತಮ್ಮ ಆಗ ತೊಟ್ಟಿಲಲ್ಲಿದ್ದನು. ನಾನು ಐದನೆಯ ಇಯತ್ತೆಯಲ್ಲಿದ್ದೆ.

ಆ ವರ್ಷ ಅಪ್ಪಯ್ಯ ತಗ್ಗಿನ ಹಳ್ಳದಿಂದ ಹೊಸ ಅಡಿಕೆ ಸಸಿಗಳಿಗೆ ನೀರೆತ್ತಲು ಒಂದು ಡೀಸೆಲ್ ಎಂಜಿನ್ ಕೂಡಿಸಿದ್ದರು. ಎಂಜಿನ್ನಿಗೆ ಕೊಟ್ಟ ಹಣವೇ ಹೆಚ್ಚಾಗಿತ್ತು. ಎಣ್ಣೆಯಲ್ಲಾದರೂ ನಾಲ್ಕು ಕಾಸು ಉಳಿಯಲೆಂದು ಪೀಪಾಯಿಯಿಂದ ಅಳೆದು ಕೊಡುವ ಬಿಡಿ ಎಣ್ಣೆಯನ್ನು ತಂದು ಸುರಿದರು. ನೋಡಲು ಅದು ಜೇನಿನಂತೆ ಚೆನ್ನಾಗಿಯೇ ಇತ್ತು. ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಎಂಜಿನ್ ಒಮ್ಮೆ ಕಿರ್ರೆಂದು ಕೂಗಿ ನಿಂತುಬಿಟ್ಟಿತು. ಹ್ಯಾಂಡಲ್ ತಿರುಗಿಸಲು ನಾಲ್ಕು ಆಳು ಸೇರಿದರೂ ಅದು ಅಲುಗಲಿಲ್ಲ. ಮೂರನೆಯ ದಿನ ಬಂದ ಮೆಕ್ಯಾನಿಕ್ಕು ತಳ ಬಿಚ್ಚಿದಾಗ ಒಳಗೆ ಕಂಡದ್ದು ಎಣ್ಣೆಯಲ್ಲ, ಹಲಸಿನ ಮೇಣದಂಥ ಕರಿಯ ಅಂಟು. “ಹೆಗಡೇರೇ, ಬಣ್ಣ ನೋಡಿ ಎಣ್ಣೆ ತಗೊಂಡ್ರೆ ಹೀಗೇ ಆಗ್ತದೆ” ಎಂದು ಅವನು ಹೇಳಿದ ಮಾತು ನನ್ನ ಕಿವಿಯಲ್ಲಿ ಈಗಲೂ ಇದೆ. ಎಂಜಿನ್ ದುರಸ್ತಿಯಾಗಿ ಬರುವುದರೊಳಗೆ ಸಸಿಗಳಲ್ಲಿ ಅರ್ಧದಷ್ಟು ಒಣಗಿದ್ದವು. ಸೊಸೈಟಿಯ ಸಾಲದ ಮೇಲೆ ಇನ್ನೊಂದು ಸಾಲವಾಯಿತು. ಅಪ್ಪಯ್ಯ ಆ ಮಾತನ್ನು ಮುಂದೆ ಒಮ್ಮೆಯೂ ಎತ್ತಲಿಲ್ಲ. ಆದರೆ ಪ್ರತಿದಿನ ಎಂಜಿನ್ ಹೂಡುವ ಮೊದಲು ಎಣ್ಣೆಯ ಕಡ್ಡಿಯನ್ನು ಹೊರತೆಗೆದು, ಒಂದು ಹನಿಯನ್ನು ಬೆರಳುಗಳ ನಡುವೆ ತಿಕ್ಕಿ ನೋಡುವ ಅಭ್ಯಾಸ ಅವರಿಗೆ ಕೊನೆಯವರೆಗೂ ಉಳಿಯಿತು. ಬೆರಳಿಗೆ ಏನು ತಿಳಿಯುತ್ತಿತ್ತೋ ನಾನರಿಯೆ.

ಆದ್ದರಿಂದ ತಮ್ಮನಿಗೆ ‘ನಾಳೆ ಹೇಳುತ್ತೇನೆ’ ಎಂದವನು, ನಾಳೆಯ ಬದಲು ಮೂರು ವಾರ ಓದುತ್ತ ಕುಳಿತೆ. ಓದಿದ್ದನ್ನು ಇಲ್ಲಿ ಒಪ್ಪಿಸುತ್ತಿದ್ದೇನೆ.

ನನ್ನ ಕಸುಬಿಗೆ ತಕ್ಕಂತೆ ಮಾತಿನಿಂದಲೇ ಹೊರಡುತ್ತೇನೆ. ‘ಎಣ್ಣೆ’ ಎಂದರೆ ಮೂಲದಲ್ಲಿ ಎಳ್ಳಿನ ನೆಯ್, ಅಂದರೆ ಎಳ್ಳಿನ ಜಿಡ್ಡು. ಸಂಸ್ಕೃತದ ‘ತೈಲ’ವೂ ‘ತಿಲ’ದಿಂದಲೇ ಬಂದದ್ದು. ತಿನ್ನುವ ಎಣ್ಣೆಯ ಹೆಸರೇ ಎಲ್ಲ ಎಣ್ಣೆಗಳಿಗೂ ಹಬ್ಬಿತು. ಯಂತ್ರಕ್ಕೆ ಹಾಕುವುದಕ್ಕೆ ಕನ್ನಡದಲ್ಲಿ ಬೇರೆಯೇ ಒಂದು ಅಚ್ಚುಕಟ್ಟಾದ ಮಾತಿದೆ: ಕೀಲೆಣ್ಣೆ. ಗಾಡಿಯ ಅಚ್ಚು ಗುಂಬದೊಳಗೆ ತಿರುಗುವಲ್ಲಿ ಸವರುವ ಎಣ್ಣೆ. ಅಜ್ಜನ ಕಾಲದಲ್ಲಿ ಅದನ್ನು ಮನೆಯಲ್ಲೇ ಮಾಡುತ್ತಿದ್ದರು. ಔಡಲ ಎಣ್ಣೆಯಲ್ಲಿ—ಮೈಸೂರು ಕಡೆಯವರು ಹರಳೆಣ್ಣೆ ಎನ್ನುತ್ತಾರೆ—ಸುಟ್ಟ ಹುಲ್ಲಿನ ಕರಿಯನ್ನು ಕಲಸಿ, ಬಿದಿರಿನ ಗೊಟ್ಟದಲ್ಲಿ ತುಂಬಿ ಗಾಡಿಯ ಕೆಳಗೆ ತೂಗುಹಾಕುತ್ತಿದ್ದರು. ಗಾಡಿ ಹೋಗಿ ಎಷ್ಟೋ ಕಾಲವಾಗಿದ್ದರೂ ಆ ಗೊಟ್ಟವೊಂದು ನಮ್ಮ ಕೊಟ್ಟಿಗೆಯ ಮಾಡಿಗೆ ಸಿಕ್ಕಿಸಿದ್ದು ಇಂದಿಗೂ ಇದೆ. “ಮಾಣೀ, ಕೀಲು ಕೂಗಿದ್ರೆ ಎತ್ತು ಅಳ್ತು” ಎನ್ನುತ್ತಿದ್ದರು ಅಜ್ಜ. ಘರ್ಷಣೆಯ ವಿಷಯವಾಗಿ ಇದಕ್ಕಿಂತ ಚಿಕ್ಕದಾದ ವ್ಯಾಖ್ಯೆಯನ್ನು ನಾನು ಕಂಡಿಲ್ಲ.

ನಮ್ಮ ಸೀಮೆಗೆ ಕೀಲೆಣ್ಣೆ ಸಣ್ಣ ಸಂಗತಿಯಾಗಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಧಾರವಾಡ ಸೀಮೆಯ ಹತ್ತಿ ಗಾಡಿಗಳ ಮೇಲೆ ಶಿರಸಿಗೆ ಬಂದು, ದೇವಿಮನೆ ಘಟ್ಟವಿಳಿದು ಕುಮಟೆಯ ಬಂದರಿಗೆ ಹೋಗುತ್ತಿತ್ತು. ವಿಲಾಯತಿಯ ಪೇಟೆಯಲ್ಲಿ ಆ ಹತ್ತಿಗೆ ಕುಮಟೆಯ ಹೆಸರೇ ಇತ್ತು. ೧೮೬೧ರಲ್ಲಿ ಅಮೆರಿಕದ ಅಂತರ್ಯುದ್ಧ ಆರಂಭವಾಗಿ ಅಲ್ಲಿಯ ಹತ್ತಿ ನಿಂತಾಗ ಈ ದಾರಿಗೆ ಇನ್ನಷ್ಟು ಗಿರಾಕಿ ಬಂತು. ೧೮೮೦ರ ದಶಕದಲ್ಲಿ ಹುಬ್ಬಳ್ಳಿಗೆ ರೈಲು ಬರುವವರೆಗೂ ಆ ಗಾಡಿಗಳು ನಡೆದವು. ಘಟ್ಟ ಹತ್ತಿಳಿಯುವ ಒಂದೊಂದು ಗಾಡಿಯ ಅಚ್ಚೂ ಬೇಡಿದ್ದು ಅದೇ ಗೊಟ್ಟದೊಳಗಿನ ಕರಿಯ ಎಣ್ಣೆ. ರೈಲು ಬಂದ ಮೇಲೂ ಔಡಲಕ್ಕೆ ಕೆಲಸ ತಪ್ಪಲಿಲ್ಲ. ನಮ್ಮ ದೇಶದ ಮೊದಮೊದಲ ರೈಲುಗಳಲ್ಲಿ ದೀಪಕ್ಕೂ ಅದೇ ಎಣ್ಣೆ, ಗಾಲಿಯ ಅಚ್ಚಿಗೂ ಅದೇ ಎಣ್ಣೆ.

ಜಾರಿಸುವ ವಿದ್ಯೆ ಮಾತ್ರ ರೈಲಿಗಿಂತಲೂ ಗಾಡಿಗಿಂತಲೂ ಹಳೆಯದು. ಈಜಿಪ್ತಿನಲ್ಲಿ ಜೆಹುತಿಹೋತೆಪ್ ಎಂಬ ಅಧಿಕಾರಿಯ ಗೋರಿಯ ಗೋಡೆಯ ಮೇಲೆ, ಸುಮಾರು ೩೯೦೦ ವರ್ಷಗಳ ಹಿಂದಿನದೊಂದು ಚಿತ್ರವಿದೆ. ಭಾರಿ ಶಿಲಾಮೂರ್ತಿಯನ್ನು ಜಾರುಬಂಡಿಯ ಮೇಲಿಟ್ಟು ನೂರಾರು ಜನ ಎಳೆಯುತ್ತಿದ್ದಾರೆ. ಬಂಡಿಯ ಮೂತಿಯಲ್ಲಿ ನಿಂತ ಒಬ್ಬ ಮುಂದಿನ ಮರಳಿಗೆ ಏನನ್ನೋ ಸುರಿಯುತ್ತಿದ್ದಾನೆ. ಅದನ್ನು ಪೂಜೆಯ ವಿಧಿಯೆಂದು ಬಹುಕಾಲ ತಿಳಿದವರಿದ್ದರು. ೨೦೧೪ರಲ್ಲಿ ಆಮ್‌ಸ್ಟರ್‌ಡಾಮಿನ ವಿಜ್ಞಾನಿಗಳು, ತಕ್ಕಷ್ಟು ನೀರು ಬೆರೆತ ಮರಳಿನ ಮೇಲೆ ಎಳೆಯುವ ಶ್ರಮ ಅರ್ಧಕ್ಕಿಳಿಯುತ್ತದೆಂದು ಪ್ರಯೋಗದಿಂದ ತೋರಿಸಿದರು.

ಮುಂದೆ ಉಗಿಯಂತ್ರದ ಕಾಲ ಬಂತು. ಯುರೋಪಿನವರು ಹಂದಿಯ ಕೊಬ್ಬು, ದನದ ಕೊಬ್ಬು, ತಿಮಿಂಗಿಲದ ಎಣ್ಣೆ ಎಲ್ಲವನ್ನೂ ಕೀಲುಗಳಿಗೆ ಸುರಿದು ನೋಡಿದರು. ಆದರೆ ಕಾವು ಏರಿದಂತೆ ಕೊಬ್ಬು ಹಳಸುತ್ತದೆ, ಹುಳಿಯಾಗುತ್ತದೆ, ಲೋಹವನ್ನೇ ತಿನ್ನುತ್ತದೆ. ಇದ್ದುದರಲ್ಲಿ ಔಡಲವೇ ಗಟ್ಟಿ. ಅದರ ಅಣುವಿನಲ್ಲಿ ಲೋಹಕ್ಕೆ ಅಂಟಿಕೊಳ್ಳುವ ಒಂದು ಗುಣವಿದೆ. ಅದು ಪೆಟ್ರೋಲಿನಲ್ಲಿ ಸುಲಭವಾಗಿ ಕರಗುವುದೂ ಇಲ್ಲ. ಹಾಗಾಗಿಯೇ ಮೊದಲನೆಯ ಮಹಾಯುದ್ಧದಲ್ಲಿ ಹಾರಿದ ಸುತ್ತೆಂಜಿನ್ನಿನ ವಿಮಾನಗಳಿಗೆ ಅದೇ ಬೇಕಾಯಿತು. ಹರಳು ಬೀಜವನ್ನು ಹೊರದೇಶಗಳಿಗೆ ಕಳಿಸುವುದರಲ್ಲಿ ಭಾರತವೇ ಮುಂದಿದ್ದ ಕಾಲ ಅದು. ಆ ಎಂಜಿನ್ನುಗಳು ಎಣ್ಣೆಯನ್ನು ಕುಡಿದು ಹೊಗೆಯೊಡನೆ ಹೊರಕ್ಕೆ ಉಗುಳುತ್ತಿದ್ದವು. ಹಿಂದೆ ಕುಳಿತ ವೈಮಾನಿಕನ ಮೂಗು ಬಾಯಿಗಳಿಗೆ ಹೊಗುತ್ತಿತ್ತು. ಔಡಲ ಎಣ್ಣೆ ಹೊಟ್ಟೆಗೆ ಹೋದರೆ ಏನಾಗುತ್ತದೆಂಬುದನ್ನು ನಮ್ಮ ಆಯಿಯ ಕೈಯಿಂದ ಚಮಚೆಯಲ್ಲಿ ಕುಡಿದವರಿಗೆ ವಿವರಿಸಬೇಕಾಗಿಲ್ಲ. ಇಂಗ್ಲೆಂಡಿನ ವೇಕ್‌ಫೀಲ್ಡ್ ಕಂಪನಿ ೧೯೦೯ರಲ್ಲಿ ತನ್ನ ಎಣ್ಣೆಗೆ ‘ಕ್ಯಾಸ್ಟ್ರಾಲ್’ ಎಂದು ಹೆಸರಿಟ್ಟದ್ದೂ ಅದರಲ್ಲಿ ಬೆರೆಸಿದ ಕ್ಯಾಸ್ಟರ್, ಅಂದರೆ ಔಡಲದ ಎಣ್ಣೆಯಿಂದಲೇ. ಔಡಲಕ್ಕೂ ಒಂದು ಕುಂದಿತ್ತು: ಬಹುಕಾಲ ಕಾದರೆ ಅಂಟು ಕಟ್ಟುತ್ತದೆ. ಬೀಜ ಹಿಂಡಿ ಪಡೆದ ಎಣ್ಣೆಯಿಂದ ಇಡೀ ಜಗತ್ತಿನ ಯಂತ್ರಗಳನ್ನು ನಡೆಸುವುದೂ ಸಾಧ್ಯವಿರಲಿಲ್ಲ.

ದಾರಿ ತೋರಿಸಿದ್ದು ನೆಲದೊಳಗಿನ ಕಲ್ಲೆಣ್ಣೆ. ೧೮೫೯ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯದಲ್ಲಿ ಡ್ರೇಕ್ ಎಂಬವನು ಬಾವಿ ಕೊರೆದು ಅದನ್ನು ತೆಗೆದಾಗ ಎಲ್ಲರಿಗೂ ಬೇಕಾಗಿದ್ದದ್ದು ದೀಪದ ಚಿಮಣಿ ಎಣ್ಣೆ ಮಾತ್ರ. ಅದನ್ನು ಭಟ್ಟಿಯಿಳಿಸಿದ ಮೇಲೆ ತಳದಲ್ಲಿ ಉಳಿಯುವ ದಪ್ಪ ಗಸಿ ಬೇಡವಾದ ವಸ್ತು. ೧೮೬೬ರಲ್ಲಿ ರೋಚೆಸ್ಟರ್ ಊರಿನ ಬಡಗಿ ಮ್ಯಾಥ್ಯೂ ಯೂಯಿಂಗ್ ಎಂಬವನು ಗಾಳಿ ಹೀರಿ ತೆಗೆದ ಪಾತ್ರೆಯಲ್ಲಿ ಕಲ್ಲೆಣ್ಣೆಯನ್ನು ಕುದಿಸಿ ಹೆಚ್ಚು ಚಿಮಣಿ ಎಣ್ಣೆ ಪಡೆಯಲು ಹೊರಟನು. ಅವನ ಪಾಲುದಾರ ಹೈರಮ್ ಎವರೆಸ್ಟನ ಕಣ್ಣು ಬಿದ್ದದ್ದು ಉಳಿದ ಗಸಿಯ ಮೇಲೆ. ದಪ್ಪ ಎಣ್ಣೆಯನ್ನು ಬಯಲಿನಲ್ಲಿ ಕುದಿಸಿದರೆ ಅದು ಕುದಿಯುವುದಕ್ಕೆ ಮೊದಲೇ ಕೆಟ್ಟು ಒಡೆಯುತ್ತದೆ. ಗಾಳಿಯ ಒತ್ತಡವಿಲ್ಲದಲ್ಲಿ ಕಡಮೆ ಕಾವಿಗೇ ಕುದಿದು ಕೆಡದೆ ಉಳಿಯುತ್ತದೆ. ಇಂದು ಜಗತ್ತಿನ ಯಾವ ಕಾರಖಾನೆಯಲ್ಲಿಯೇ ಆಗಲಿ, ಕಲ್ಲೆಣ್ಣೆಯಿಂದ ಕೀಲೆಣ್ಣೆ ಮಾಡುವಾಗ ಮೊದಲ ಮೆಟ್ಟಿಲು ಅದೇ.

ಎಣ್ಣೆ ಏನು ಕೆಲಸ ಮಾಡುತ್ತದೆಂಬುದು ಮಾತ್ರ ಆಗಲೂ ಯಾರಿಗೂ ಸ್ಪಷ್ಟವಿರಲಿಲ್ಲ. ೧೮೮೩ರಲ್ಲಿ ಇಂಗ್ಲೆಂಡಿನ ಎಂಜಿನಿಯರು ಬೀಚಮ್ ಟವರ್ ರೈಲುಗಾಲಿಯ ಬೇರಿಂಗನ್ನು ಪರೀಕ್ಷಿಸುತ್ತಿದ್ದನು. ಎಣ್ಣೆ ಬಿಡಲು ಅದರ ನೆತ್ತಿಯಲ್ಲಿ ಒಂದು ತೂತು ಕೊರೆದರೆ, ಎಣ್ಣೆ ಒಳಕ್ಕಿಳಿಯುವ ಬದಲು ಮೇಲಕ್ಕೆ ಉಕ್ಕಿ ಬಂತು. ಬೆಣೆ ಬಡಿದು ಮುಚ್ಚಿದರೆ ಬೆಣೆಯನ್ನೇ ತಳ್ಳಿ ಹಾಕಿತು. ಚದರಂಗುಲಕ್ಕೆ ೨೦೦ ಪೌಂಡು ತೋರಿಸುವ ಮಾಪಕವನ್ನು ಕೂಡಿಸಿದನು, ಅದೂ ಸಾಲದಾಯಿತು. ಎಂದರೆ, ತಿರುಗುವ ಅಚ್ಚು ತಾನೇ ಎಣ್ಣೆಯನ್ನು ಒಳಕ್ಕೆಳೆದುಕೊಂಡು ಅದರ ಮೇಲೆ ತೇಲುತ್ತದೆ. ಲೋಹ ಲೋಹವನ್ನು ಮುಟ್ಟುವುದೇ ಇಲ್ಲ. ೧೮೮೬ರಲ್ಲಿ ಆಸ್ಬೋರ್ನ್ ರೆನಾಲ್ಡ್ಸ್ ಇದಕ್ಕೆ ಗಣಿತ ಬರೆದನು. ತಲೆಗೂದಲಿಗಿಂತ ಎಷ್ಟೋ ಪಟ್ಟು ತೆಳ್ಳಗಿನ ಆ ಎಣ್ಣೆಯ ಪೊರೆಯೇ ಯಂತ್ರದ ಆಯುಸ್ಸು. ಪೊರೆ ಹರಿದರೆ ಅಪ್ಪಯ್ಯನ ಎಂಜಿನ್ನು ಕೂಗಿದಂತೆ ಕೂಗು.

ಆದ್ದರಿಂದ ಕೀಲೆಣ್ಣೆಯ ಮುಂದಿನ ಚರಿತ್ರೆಯೆಲ್ಲ ಈ ಪೊರೆಯನ್ನು ಹರಿಯದಂತೆ ಕಾಪಾಡುವ ಚರಿತ್ರೆ. ಅದಕ್ಕೆ ಎದುರಾದ ಕಷ್ಟಗಳನ್ನು ನಮ್ಮ ಸೀಮೆಯ ಅಡಿಗೆಮನೆಯಲ್ಲೇ ಕಾಣಬಹುದು. ಜೋನಿಬೆಲ್ಲದ ಕೊಡವನ್ನು ಮಾಗಿಯ ಬೆಳಿಗ್ಗೆ ಓರೆ ಮಾಡಿದರೆ ಬೆಲ್ಲ ಇಳಿಯಲೊಲ್ಲದು. ಒಲೆಯ ಬದಿಗಿಟ್ಟರೆ ನೀರಿನಂತೆ ಹರಿಯುತ್ತದೆ. ಎಣ್ಣೆಯೂ ಹಾಗೆಯೇ. ಹರಿಯಲೊಲ್ಲದ ಈ ಮಂದತನಕ್ಕೆ ಸ್ನಿಗ್ಧತೆ ಎನ್ನುತ್ತಾರೆ. ಚಳಿಯಲ್ಲಿ ಗಟ್ಟಿಯಾದರೆ ಎಂಜಿನ್ ಹೂಡದು, ಕಾವಿನಲ್ಲಿ ನೀರಾದರೆ ಪೊರೆ ನಿಲ್ಲದು. ೧೯೨೯ರಲ್ಲಿ ಡೀನ್ ಮತ್ತು ಡೇವಿಸ್ ಎಂಬಿಬ್ಬರು ಇದಕ್ಕೊಂದು ಅಳತೆಗೋಲು ಮಾಡಿದರು. ಕಾವಿಗೆ ಬಹಳ ಕಡಮೆ ಬದಲಾಗುವ ಪೆನ್ಸಿಲ್ವೇನಿಯದ ಎಣ್ಣೆಗೆ ೧೦೦ ಅಂಕ. ಬಹಳ ಬದಲಾಗುವ ಮೆಕ್ಸಿಕೋ ಕೊಲ್ಲಿಯ ತೀರದ ಎಣ್ಣೆಗೆ ಸೊನ್ನೆ. ಈ ಸ್ನಿಗ್ಧತಾಂಕ ಇಂದಿಗೂ ಬಳಕೆಯಲ್ಲಿದೆ; ಇಂದಿನ ಒಳ್ಳೆಯ ಎಣ್ಣೆಗಳು ನೂರನ್ನು ದಾಟಿ ಮುಂದೆ ಹೋಗಿವೆ.

ಎರಡನೆಯ ಕಷ್ಟಕ್ಕೆ ಕೊಬ್ಬರಿ ಎಣ್ಣೆಯನ್ನು ನೋಡಿ. ಡಿಸೆಂಬರಿನಲ್ಲಿ ಅದು ಸೀಸೆಯೊಳಗೆ ಹೆಪ್ಪುಗಟ್ಟುತ್ತದೆ. ಕಲ್ಲೆಣ್ಣೆಯಲ್ಲಿಯೂ ಹೀಗೆ ಹೆಪ್ಪುಗಟ್ಟುವ ಮೇಣವಿದೆ. ಮೂರನೆಯದು ಕೊಳೆ: ಗಂಧಕ, ಸಾರಜನಕ, ಮತ್ತು ಕಾವಿನಲ್ಲಿ ಗಾಳಿಯ ಆಮ್ಲಜನಕದೊಡನೆ ಬೇಗ ಕೂಡಿ ಅಂಟಾಗುವ, ಉಂಗುರದಾಕಾರದ ಕೆಲವು ಅಣುಗಳು. ಆಲೆಮನೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಮೇಲೆ ಬಂದ ಕೊಳೆಯನ್ನು ತೆಗೆಯದಿದ್ದರೆ ಬೆಲ್ಲ ಹೇಗೆ ಕಪ್ಪಾಗುತ್ತದೆಂದು ನಮ್ಮವರು ಬಲ್ಲರು. ಎಣ್ಣೆಯ ಕೊಳೆಯನ್ನು ಮೊದಲು ಗಂಧಕಾಮ್ಲದಿಂದಲೂ ಜೇಡಿಯಿಂದಲೂ ತೊಳೆಯುತ್ತಿದ್ದರು. ಬಳಿಕ ಕೊಳೆಯನ್ನಷ್ಟೇ ಕರಗಿಸಿಕೊಳ್ಳುವ ದ್ರಾವಕಗಳು ಬಂದವು. ಮೇಣವನ್ನು ತಣಿಸಿ ಸೋಸಿ ತೆಗೆಯುವ ಕ್ರಮವೂ ಬಂತು. ಹೀಗೆ ತೊಳೆದು ಸೋಸಿದ್ದಕ್ಕೆ ‘ಬೇಸ್ ಆಯಿಲ್’ ಎಂದು ಹೆಸರು. ನಾನು ಮೂಲತೈಲ ಎಂದು ಕರೆಯುತ್ತೇನೆ.

ಇಲ್ಲಿಯೇ ತಮ್ಮನ ಪ್ರಶ್ನೆಗೆ ಉತ್ತರದ ಮೊದಲರ್ಧವಿದೆ. ಡಬ್ಬಿಯೊಳಗಿನ ಎಣ್ಣೆಯಲ್ಲಿ ಸಾಮಾನ್ಯವಾಗಿ ನೂರಕ್ಕೆ ಎಪ್ಪತ್ತೈದರಿಂದ ತೊಂಬತ್ತು ಪಾಲು ಈ ಮೂಲತೈಲ. ಉಳಿದದ್ದು ಮದ್ದು. ೧೯೩೦ರ ದಶಕದಿಂದ ಈಚೆಗೆ ಮದ್ದುಗಳು ಒಂದೊಂದಾಗಿ ಬಂದವು: ಮಸಿ ತೊಳೆಯುವುದು, ತುಕ್ಕು ತಡೆಯುವುದು, ಸವೆತ ತಡೆಯುವ ಸತು-ರಂಜಕದ ಸಂಯುಕ್ತ, ಕಾವಿನಲ್ಲಿ ಎಣ್ಣೆ ತೆಳುವಾಗದಂತೆ ಹಿಡಿಯುವ ಉದ್ದನೆಯ ಅಣುಗಳು. ಡಬ್ಬಿಯ ಮೇಲೆ ‘೧೫ ಡಬ್ಲ್ಯು ೪೦’ ಎಂದು ಬರೆದಿರುವುದು ಈ ಕೊನೆಯ ಮದ್ದಿನಿಂದ ಬಳಕೆಗೆ ಬಂದ ಲೆಕ್ಕ. ‘ಡಬ್ಲ್ಯು’ ಎಂದರೆ ಇಂಗ್ಲಿಷಿನ ಚಳಿಗಾಲ; ಚಳಿಯಲ್ಲಿ ಹದಿನೈದನೆಯ ದರ್ಜೆಯಂತೆ ಹರಿದು ಕಾವಿನಲ್ಲಿ ನಲವತ್ತನೆಯದರಂತೆ ನಿಲ್ಲುವ ಎಣ್ಣೆ ಎಂದರ್ಥ.

ಮದ್ದಿನ ಮೇಲೆ ಭರವಸೆಯಿಟ್ಟು ಮೂಲತೈಲವನ್ನು ಅಲಕ್ಷಿಸಿದವರು ಹಲವರು. ಆದರೆ ತಂಬುಳಿಯ ರುಚಿ ಮಜ್ಜಿಗೆಯದು. ಮಜ್ಜಿಗೆ ಹಳಸಿದ್ದರೆ ತುಪ್ಪದ ಒಗ್ಗರಣೆ ಎಷ್ಟು ಕೊಟ್ಟರೇನು? ದುರ್ಬಲವಾದ ಮೂಲತೈಲವನ್ನು ಉದ್ದನೆಯ ಅಣುಗಳ ಆಸರೆಯಿಂದ ನಿಲ್ಲಿಸಿದರೆ, ತಿರುಗುವ ಹಲ್ಲುಗಳ ನಡುವೆ ಆ ಅಣುಗಳೇ ತುಂಡಾಗುತ್ತವೆ. ಎಣ್ಣೆ ತನ್ನ ನಿಜಸ್ವರೂಪಕ್ಕೆ ಇಳಿಯುತ್ತದೆ. ಹಳಸದಂತೆ ತಡೆಯುವ ಮದ್ದೂ ಖರ್ಚಾಗುವಂಥದೇ. ಅದು ತೀರಿದ ದಿನ ಎಣ್ಣೆಗೆ ಇರುವುದು ಅದರ ಹುಟ್ಟುಗುಣವೊಂದೇ.

ಹುಟ್ಟುಗುಣವನ್ನೇ ತಿದ್ದಲು ಮನುಷ್ಯ ಹೊರಟದ್ದು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ. ಕೊಳೆಯನ್ನು ತೊಳೆದು ತೆಗೆಯುವ ಬದಲು, ಭಾರಿ ಒತ್ತಡದಲ್ಲಿ, ಸುಮಾರು ೪೦೦ ಡಿಗ್ರಿ ಸೆಂಟಿಗ್ರೇಡಿನ ಕಾವಿನಲ್ಲಿ, ವೇಗವರ್ಧಕದ ಮೇಲೆ ಎಣ್ಣೆಗೆ ಜಲಜನಕವನ್ನು ಹಾಯಿಸಿದರು. ಗಂಧಕ, ಸಾರಜನಕಗಳು ಕಳಚಿ ಹೋದವು. ಅಂಟಾಗುವ ಉಂಗುರಗಳು ಬಿಚ್ಚಿಕೊಂಡು ಒಳ್ಳೆಯ ಅಣುಗಳಾದವು. ೧೯೮೪ರಲ್ಲಿ ಕ್ಯಾಲಿಫೋರ್ನಿಯದ ರಿಚ್ಮಂಡಿನಲ್ಲಿ ಶೆವ್ರಾನ್ ಕಂಪನಿ ಈ ಬಗೆಯ ದೊಡ್ಡ ಕಾರಖಾನೆ ಹೂಡಿತು. ೧೯೯೩ರಲ್ಲಿ ಅಲ್ಲಿಯೇ ಇನ್ನೊಂದು ಹೆಜ್ಜೆ: ಮೇಣವನ್ನು ಸೋಸಿ ಎಸೆಯದೆ, ಅದರ ನೀಳ ಅಣುವಿಗೆ ಕವಲೊಡೆಸಿ, ಹೆಪ್ಪುಗಟ್ಟದ ಉತ್ತಮ ಎಣ್ಣೆಯನ್ನಾಗಿ ಮಾಡಿದರು. ಶತ್ರುವನ್ನು ಹೊರಹಾಕದೆ ಬಂಧುವನ್ನಾಗಿ ಮಾಡಿಕೊಂಡ ಹಾಗೆ.

ಆ ಹೊತ್ತಿಗೆ ಅಮೆರಿಕದ ಪೆಟ್ರೋಲಿಯಂ ಸಂಸ್ಥೆ ಮೂಲತೈಲಗಳಿಗೆ ಐದು ಪಂಗಡ ಮಾಡಿತು. ಹಳೆಯ ದ್ರಾವಕದ ಕ್ರಮದಲ್ಲಿ ತೊಳೆದದ್ದು ಮೊದಲನೆಯದು. ಗಂಧಕ ನೂರಕ್ಕೆ ೦.೦೩ಕ್ಕಿಂತ ಹೆಚ್ಚಿಲ್ಲದೆ, ಜಲಜನಕ ತುಂಬಿದ ಸ್ಥಿರವಾದ ಅಣುಗಳು ನೂರಕ್ಕೆ ತೊಂಬತ್ತಾದರೂ ಇದ್ದರೆ ಎರಡನೆಯದು. ಅದರ ಮೇಲೆ ಸ್ನಿಗ್ಧತಾಂಕ ೧೨೦ನ್ನು ಮುಟ್ಟಿದರೆ ಮೂರನೆಯದು. ಸಣ್ಣ ಅಣುಗಳನ್ನು ಹೆಣೆದು ಪ್ರಯೋಗಶಾಲೆಯ ಕ್ರಮದಿಂದಲೇ ಕಟ್ಟಿದ ಒಂದು ಕೃತಕ ತೈಲ ನಾಲ್ಕನೆಯದು. ೧೯೭೪ರಲ್ಲಿ ಪೇಟೆಗೆ ಬಂದ ‘ಮೊಬಿಲ್ ೧’ ಎಂಬುದು ಇದನ್ನು ಸಾಮಾನ್ಯ ಕಾರುಗಳಿಗೆ ಪರಿಚಯಿಸಿತು. ಉಳಿದದ್ದೆಲ್ಲ ಐದನೆಯದು, ನಮ್ಮ ಔಡಲವೂ ಅಲ್ಲಿಯೇ ಕುಳಿತಿದೆ.

ಭಾರತದಲ್ಲಿ ೧೯೬೦ರ ದಶಕದ ಕೊನೆಗೆ ಮುಂಬಯಿ, ಮದರಾಸುಗಳಲ್ಲಿ ಮೂಲತೈಲ ತೆಗೆಯುವ ಕೆಲಸ ಮೊದಲಾಯಿತು. ೧೯೭೨ರಲ್ಲಿ ಇಂಡಿಯನ್ ಆಯಿಲ್ ಸಂಸ್ಥೆಯ ‘ಸರ್ವೋ’ ಬಂತು. ಈ ಶತಮಾನದಲ್ಲಿ ಎರಡನೆಯ ಪಂಗಡದ ಎಣ್ಣೆಯೂ ಇಲ್ಲಿ ತಯಾರಾಗತೊಡಗಿತು. ಇದು ಬರಿಯ ಡೌಲಲ್ಲ. ೨೦೨೦ರ ಏಪ್ರಿಲ್ ೧ರಿಂದ ಭಾರತ್ ಸ್ಟೇಜ್ ಆರು ಎಂಬ ನಿಯಮ ಬಂದ ಮೇಲೆ ಡೀಸೆಲ್ ವಾಹನಗಳ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಸೂಕ್ಷ್ಮವಾದ ಸೋಸಣಿಗೆಗಳಿವೆ. ಗಂಧಕವೂ ಬೂದಿಯೂ ಹೆಚ್ಚಿರುವ ಎಣ್ಣೆ ಅವುಗಳನ್ನು ಕಟ್ಟಿಹಾಕುತ್ತದೆ. ಒಳ್ಳೆಯ ಮೂಲತೈಲ ಬೇಗ ಆವಿಯಾಗದು, ಬೇಗ ಅಂಟು ಕಟ್ಟದು. ತೆಳ್ಳಗಿದ್ದೂ ಪೊರೆ ನಿಲ್ಲಿಸುವುದರಿಂದ ಇಂಧನವೂ ಅಷ್ಟಿಷ್ಟು ಉಳಿಯುತ್ತದೆ. ನೂರು ವರ್ಷಗಳ ಹಿಂದೆ ಸಾವಿರ ಮೈಲಿಗೊಮ್ಮೆ ಎಣ್ಣೆ ಬದಲಿಸುತ್ತಿದ್ದ ಕಾರು ಈಗ ಹತ್ತು ಸಾವಿರ ಕಿಲೋಮೀಟರು ಓಡುವುದಕ್ಕೆ ಮುಖ್ಯ ಕಾರಣಗಳಲ್ಲಿ ಇದೊಂದು.

ಇಷ್ಟು ಓದಿದ ಮೇಲೆ ಅಪ್ಪಯ್ಯನ ಪೀಪಾಯಿಯ ಎಣ್ಣೆ ನನಗೆ ಅರ್ಥವಾಯಿತು. ಅದು ಯಾರದೋ ಲಾರಿಯಲ್ಲಿ ದುಡಿದು ದಣಿದ ಎಣ್ಣೆಯನ್ನು ಜೇಡಿಯಲ್ಲಿ ಸೋಸಿ ಬಣ್ಣ ತಿಳಿಗೊಳಿಸಿದ್ದೆಂದು ಮೆಕ್ಯಾನಿಕ್ಕನ ಅಭಿಪ್ರಾಯವಾಗಿತ್ತು. ಬಣ್ಣ ತಿಳಿಯಾದ ಮಾತ್ರಕ್ಕೆ ಒಳಗಿನ ಕೊಳೆ ಹೋಗಿರುವುದಿಲ್ಲ, ಮದ್ದೂ ಉಳಿದಿರುವುದಿಲ್ಲ. ಬೆರಳಿನ ನಡುವೆ ತಿಕ್ಕಿದರೆ ಜಾರುತ್ತದೆ, ನಿಜ. ಆದರೆ ಬೆರಳಿಗೆ ಎಂಜಿನ್ನಿನ ಕಾವಿಲ್ಲ. ಅಪ್ಪಯ್ಯ ಇಡೀ ಜೀವಮಾನ ತಮ್ಮದೇ ತಪ್ಪೆಂದು ಕೊರಗಿದರು. ತಪ್ಪು ಅವರದಲ್ಲವೆಂದು ಹೇಳಲು ನನಗೆ ಮೂವತ್ತು ವರ್ಷ ತಡವಾಯಿತು.

ತಮ್ಮನಿಗೆ ಫೋನು ಮಾಡಿದೆ. ಬೆಲೆಯೊಂದನ್ನೇ ನೋಡಬೇಡ, ಬಣ್ಣವನ್ನಂತೂ ನೋಡಲೇಬೇಡ. ಎಂಜಿನ್ನಿನ ಪುಸ್ತಕದಲ್ಲಿ ಯಾವ ದರ್ಜೆ ಬರೆದಿದೆಯೋ ಅದೇ ದರ್ಜೆಯದನ್ನು, ಮುದ್ರೆ ಒಡೆಯದ ಡಬ್ಬಿಯಲ್ಲಿ ತಾ ಎಂದೆ. ನಮ್ಮದು ನಿಧಾನವಾಗಿ ತಿರುಗುವ ಹಳೆಯ ಮಾದರಿಯ ಎಂಜಿನ್ನು. ಪುಸ್ತಕ ತೆಗೆದು ನೋಡಿದರೆ ಅದಕ್ಕೆ ಕಡಮೆ ಬೆಲೆಯ ಡಬ್ಬಿಯೇ ಸಾಕಾಗಿತ್ತು. ಹೆಚ್ಚಿನ ಬೆಲೆಯದು ಅವನ ಹೊಸ ಬೈಕಿಗೆ ತಕ್ಕದ್ದು. ಯಂತ್ರ ಬೇಡುವುದನ್ನು ಕೊಡಬೇಕಲ್ಲದೆ ಅಂಗಡಿಯವನು ಹೊಗಳುವುದನ್ನಲ್ಲ.

“ಹಳೇ ಎಣ್ಣೆ ಎಂತ ಮಾಡದು? ಹಳ್ಳದ ಬದಿಗೆ ಚೆಲ್ಲಲಾ?” ಎಂದನು. ಬೇಡವೆಂದೆ. ಆ ಹಳ್ಳದ ನೀರನ್ನೇ ತೋಟಕ್ಕೆ ಎತ್ತುವುದು. ಅಲ್ಲದೆ ದಣಿಯುವುದು ಹೆಚ್ಚಾಗಿ ಮದ್ದು. ಮೂಲತೈಲದ ಬಹುಪಾಲು ಕೆಟ್ಟಿರುವುದಿಲ್ಲ. ನಿರ್ವಾತದಲ್ಲಿ ಮತ್ತೆ ಭಟ್ಟಿಯಿಳಿಸಿ ಜಲಜನಕ ಹಾಯಿಸಿದರೆ ಅದು ಪುನಃ ಹೊಸದಾಗುತ್ತದೆ. ಜೇಡಿಯಲ್ಲಿ ಸೋಸುವುದಕ್ಕೂ ಇದಕ್ಕೂ ಅಜಗಜಾಂತರ. ಹೀಗೆ ಮರುಶುದ್ಧಿ ಮಾಡಿಸುವ ಹೊಣೆಯನ್ನು ೨೦೨೪ರ ಏಪ್ರಿಲ್‌ನಿಂದ ಎಣ್ಣೆ ತಯಾರಿಸುವವರ ಮೇಲೆಯೇ ಸರಕಾರ ಹೊರಿಸಿದೆ. ಡಬ್ಬಿಯಲ್ಲಿ ತುಂಬಿಡು, ಶಿರಸಿಗೆ ಹೋಗುವಾಗ ಗ್ಯಾರೇಜಿಗೆ ಕೊಡು ಎಂದು ಹೇಳಿದೆ.

ಓದುವಾಗ ಸಿಕ್ಕ ಇನ್ನೊಂದು ಸಂಗತಿಯನ್ನೂ ಅವನಿಗೆ ತಿಳಿಸಿದೆ. ಅವನ ಬೈಕಿನ ಗಾಲಿಯ ಬೇರಿಂಗಿಗೆ ಹಚ್ಚುವಂಥ ಲಿಥಿಯಂ ಗ್ರೀಸು ೧೯೪೦ರ ದಶಕದಲ್ಲಿ ಹುಟ್ಟಿದ್ದು. ಅದರಲ್ಲಿ ಎಣ್ಣೆಯನ್ನು ಹಿಡಿದು ನಿಲ್ಲಿಸುವ ಸಾಬೂನನ್ನು ಬಹುಮಟ್ಟಿಗೆ ಔಡಲ ಎಣ್ಣೆಯಿಂದಲೇ ಮಾಡುತ್ತಾರೆ. ಗಾಡಿ ಹೋಯಿತು, ಎತ್ತು ಹೋಯಿತು; ಔಡಲ ಮಾತ್ರ ಗಾಲಿಯ ಕೀಲಿನಲ್ಲಿ ಇನ್ನೂ ಕುಳಿತಿದೆ.

ತಮ್ಮ ಒಂದು ಗಳಿಗೆ ಸುಮ್ಮನಿದ್ದು, “ಹಂಗಾರೆ ಅಜ್ಜನ ಗೊಟ್ಟ ಎಸೆಯದು ಬೇಡ” ಎಂದನು.